ಕರಡು ತಿದ್ದುವವರಿರುವ ಮುದ್ರಣಾಲಯ: ತುಮಕೂರಿನಲ್ಲಿ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದ ಅನುಭವ

ಮಲಯಾಳದ ವಿಮರ್ಶಕ ಕುಟ್ಟಿಕೃಷ್ಣ ಮಾರಾರ್ ಅವರ ಬದುಕು ಬರಹಗಳನ್ನು ಕುರಿತು ನಾನು ಬರೆದ 64 ಪುಟಗಳ ಕಿರುಹೊತ್ತಗೆ ಇತ್ತೀಚೆಗೆ ತುಮಕೂರಿನಲ್ಲಿ ಅಚ್ಚಾಯಿತು. ಹಾಕಿಸಿದ್ದು 300 ಪ್ರತಿ. ಅಚ್ಚು ಹಾಕಿದವರು ಅಶೋಕ ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ ಲಗ್ನಪತ್ರಿಕೆ, ಬಿಲ್ ಪುಸ್ತಕ, ದೇವಸ್ಥಾನದ ರಸೀದಿಗಳ ಕೆಲಸ ಮಾಡಿಕೊಂಡು ನಡುವೆ ಪುಸ್ತಕಗಳನ್ನೂ ಮಾಡುವ ಒಂದು ಮುದ್ರಣಾಲಯದವರು. ಪುಸ್ತಕದ ಕೆಲಸವನ್ನು ಊರಿನಲ್ಲೇ ಮಾಡಿಸಬಹುದೋ ಅಥವಾ ಬೆಂಗಳೂರಿಗೇ ಕೊಡಬೇಕೋ ಎಂದು ಹಲವು ಗೆಳೆಯರು ಕೇಳುತ್ತಿರುವುದರಿಂದ ಅವರ ಸೇವೆ ಹೇಗಿತ್ತೆಂಬುದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ. ಮುದ್ರಣಾಲಯದ ಹೆಸರು ಹಾಕಿಲ್ಲ. ಮೆಚ್ಚುಗೆಯ ಜೊತೆಗೆ ದೂರುಗಳೂ ಇವೆ, ಅವನ್ನೆಲ್ಲ ಮಾಲೀಕರಿಗೆ ಎದುರಿನಲ್ಲೇ ಹೇಳಿ ಮುಗಿಸಿದ್ದೇನೆ.

ಮೊದಲು ಪುಸ್ತಕದ ವಿಷಯವನ್ನು ಹೇಳಬೇಕು, ಏಕೆಂದರೆ ಮುದ್ರಣಾಲಯವನ್ನು ಆರಿಸಿಕೊಂಡದ್ದು ಅದರಿಂದಲೇ. ಬ್ಯಾಂಕಿನ ನೌಕರಿಯ ಮೇಲೆ ಆರು ವರ್ಷ ಕಲ್ಲಿಕೋಟೆಯಲ್ಲಿದ್ದೆ. ಮಲಯಾಳ ಓದಲು ಕಲಿತದ್ದು ಅಲ್ಲಿಯೇ, ಮೊದಲು ಬಸ್ಸಿನ ಬೋರ್ಡುಗಳಿಂದ, ಆಮೇಲೆ ದಿನಪತ್ರಿಕೆಯಿಂದ. ಲಿಪಿ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಸಹೋದ್ಯೋಗಿಯೊಬ್ಬರು, ಮಹಾಭಾರತದ ಕಥೆ ಗೊತ್ತಿರುವವರಿಗೆ ಇದು ಕಷ್ಟವಾಗದು ಎಂದು ಹೇಳಿ ಮಾರಾರರ ‘ಭಾರತಪರ್ಯಟನಂ’ ಕೃತಿಯನ್ನು ಕೈಗಿತ್ತರು. ಭಾಷೆ ಸುಲಭವಾಗಿರಲಿಲ್ಲ, ಆದರೆ ಪುಸ್ತಕವನ್ನು ಕೆಳಗಿಡಲಾಗಲಿಲ್ಲ. ನಿವೃತ್ತನಾಗಿ ತುಮಕೂರಿಗೆ ಮರಳಿದ ಮೇಲೆ ಎಸ್.ಎಸ್. ಪುರಂನ ಗೆಳೆಯರೊಬ್ಬರ ಮನೆಯಲ್ಲಿ ತಿಂಗಳಿಗೊಮ್ಮೆ ಗಮಕ ವಾಚನಕ್ಕೆ ಸೇರುತ್ತೇವೆ. ಅಲ್ಲಿ ಕರ್ಣನ ಪ್ರಸಂಗ ಬಂದಾಗಲೆಲ್ಲ ನಾನು ಮಾರಾರರ ಮಾತು ಎತ್ತುತ್ತಿದ್ದೆ. ಒಂದು ದಿನ ಎಲ್ಲರೂ, ಬಾಯಲ್ಲಿ ಹೇಳಿದ್ದು ಸಾಕು, ಬರೆದುಕೊಡಿ ಎಂದರು.

ಮಾರಾರ್ ಹುಟ್ಟಿದ್ದು 1900ರ ಜೂನ್ 14ರಂದು, ಇಂದಿನ ಮಲಪ್ಪುರಂ ಜಿಲ್ಲೆಯಲ್ಲಿ ತಿರೂರಿಗೆ ಸಮೀಪದ ತೃಪ್ರಂಗೋಡಿನಲ್ಲಿ. ತಿರೂರು ಎಂದರೆ ಮಲಯಾಳಿಗಳಿಗೆ ರಾಮಾಯಣ, ಭಾರತಗಳನ್ನು ಗಿಳಿಯ ಬಾಯಲ್ಲಿ ಹಾಡಿಸಿದ ಎಳುತ್ತಚ್ಛನ್ನರ ನೆಲ. ಮಾರಾರ್ ಎಂಬುದು ದೇವಸ್ಥಾನದಲ್ಲಿ ವಾದ್ಯಸೇವೆ ಮಾಡುವ ಸಮುದಾಯದ ಹೆಸರು. ಅವರು ಪಟ್ಟಾಂಬಿಯಲ್ಲಿ ಪುನ್ನಶ್ಶೇರಿ ನೀಲಕಂಠ ಶರ್ಮರ ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮದರಾಸು ವಿಶ್ವವಿದ್ಯಾಲಯದ ಸಾಹಿತ್ಯಶಿರೋಮಣಿ ಪರೀಕ್ಷೆ ಮುಗಿಸಿ, ಮಹಾಕವಿ ವಳ್ಳತ್ತೋಳ್ ನಾರಾಯಣ ಮೇನನ್ನರ ಜೊತೆಯಲ್ಲಿದ್ದು ಅವರ ಕೃತಿಗಳ ಪ್ರಕಟಣೆಯ ಕೆಲಸ ನೋಡಿಕೊಂಡರು. 1930ರಲ್ಲಿ ವಳ್ಳತ್ತೋಳರು ಕಟ್ಟಿದ, ಕಥಕಳಿ ಮೊದಲಾದ ಕಲೆಗಳನ್ನು ಕಲಿಸುವ ಕಲಾಮಂಡಲದಲ್ಲಿ ಕೆಲಕಾಲ ಪಾಠವನ್ನೂ ಹೇಳಿದರು. 1938ರಲ್ಲಿ ಕಲ್ಲಿಕೋಟೆಯ ‘ಮಾತೃಭೂಮಿ’ ಪತ್ರಿಕೆಗೆ ಸೇರಿದರು. ಸೇರಿದ್ದು ಕರಡು ತಿದ್ದುವವರಾಗಿ. 1961ರಲ್ಲಿ ನಿವೃತ್ತರಾಗುವವರೆಗೆ ಅದೇ ಕೆಲಸ.

ಈ ಕಡೆಯ ಸಂಗತಿ ನನ್ನನ್ನು ಬಹಳ ದಿನ ಕಾಡಿದೆ. ಅದೇ ಕಾಲದ ಇನ್ನಿಬ್ಬರು ದೊಡ್ಡ ವಿಮರ್ಶಕರನ್ನು ನೋಡಿ. ಕೇಸರಿ ಬಾಲಕೃಷ್ಣ ಪಿಳ್ಳೆಯವರು ವಕೀಲಿ ಓದಿದವರು, ಪತ್ರಿಕೆಯ ಸಂಪಾದಕರು, ತಿರುವನಂತಪುರದಲ್ಲಿ ಕುಳಿತು ಮೊಪಾಸಾ, ಇಬ್ಸೆನ್ನರನ್ನು ಮಲಯಾಳಕ್ಕೆ ತಂದವರು. ಜೋಸೆಫ್ ಮುಂಡಶ್ಶೇರಿಯವರು ತ್ರಿಶ್ಶೂರಿನ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದು 1957ರಲ್ಲಿ ಕೇರಳದ ಮೊದಲ ಶಿಕ್ಷಣ ಸಚಿವರಾದವರು. ಮಾರಾರರಿಗೆ ಸಂಪಾದಕರ ಕುರ್ಚಿಯೂ ಇರಲಿಲ್ಲ, ಪ್ರಾಧ್ಯಾಪಕರ ಪೀಠವೂ ಇರಲಿಲ್ಲ. ಇತರರು ಬರೆದದ್ದರಲ್ಲಿ ಬಿಟ್ಟುಹೋದ ದೀರ್ಘ, ತಪ್ಪಿದ ಒತ್ತು, ಜಾರಿದ ವಿಭಕ್ತಿಗಳನ್ನು ಹಗಲೆಲ್ಲ ಗುರುತು ಮಾಡುತ್ತಿದ್ದ ಕೈಯಿಂದಲೇ ‘ಭಾರತಪರ್ಯಟನಂ’ ಬಂತು. ಮಲಯಾಳ ಗದ್ಯವನ್ನು ಹೇಗೆ ಬರೆಯಬೇಕು, ಹೇಗೆ ಬರೆಯಬಾರದು ಎಂಬುದನ್ನು ಉದಾಹರಣೆಗಳ ಸಮೇತ ಹೇಳುವ ‘ಮಲಯಾಳಶೈಲಿ’ ಬಂದದ್ದು 1942ರಲ್ಲಿ, ಅಂದರೆ ಅವರು ಆ ಮೇಜಿನ ಮುಂದೆ ಕುಳಿತು ನಾಲ್ಕನೆಯ ವರ್ಷದಲ್ಲಿ. ಅಕ್ಷರದ ಮೇಲಿನ ಎಚ್ಚರ ಮತ್ತು ಅರ್ಥದ ಮೇಲಿನ ಎಚ್ಚರ ಬೇರೆ ಬೇರೆ ಅಲ್ಲವೆಂದು ನಾನು ನಂಬುವುದಕ್ಕೆ ಈ ಒಂದು ಜೀವನವೇ ಸಾಕು. ಆದ್ದರಿಂದ ಇಂಥವರ ಕುರಿತ ಪುಸ್ತಕ ತಪ್ಪು ತಪ್ಪಾಗಿ ಅಚ್ಚಾಗಬಾರದು ಎಂಬ ಹಟ ನನಗಿತ್ತು.

ಊರಿನಲ್ಲಿ ಮೂರು ಕಡೆ ವಿಚಾರಿಸಿದೆ. ಮೊದಲನೆಯವರು ಪಿ.ಡಿ.ಎಫ್. ಕೊಟ್ಟರೆ ಎರಡು ದಿನದಲ್ಲಿ ಮುಗಿಸಿಕೊಡುವುದಾಗಿ ಹೇಳಿದರು. ಓದಿ ನೋಡುವುದು ನಿಮ್ಮ ಜವಾಬ್ದಾರಿ ಎಂದರು. ಎರಡನೆಯ ಕಡೆ ಕಂಪ್ಯೂಟರಿನಲ್ಲೇ ತಪ್ಪು ಹುಡುಕುವ ತಂತ್ರಾಂಶವಿದೆ ಎಂದರು. ಮೂರನೆಯ ಕಡೆಯಲ್ಲಿ ಮಾಲೀಕರು ನನ್ನ ಹಸ್ತಪ್ರತಿಯ ನಾಲ್ಕು ಹಾಳೆ ತಿರುವಿ ನೋಡಿ, “ಇದನ್ನ ಮೊದಲು ನಮ್ಮ ಅಮ್ಮ ನೋಡಲಿ ಸಾರ್, ಆಮೇಲೆ ರೇಟಿನ ಮಾತು” ಎಂದರು. ಅಮ್ಮ ಎಂದರೆ ಅವರ ತಾಯಿಯಲ್ಲ. ಅಲ್ಲಿ ಕರಡು ತಿದ್ದುವ ಹಿರಿಯ ಮಹಿಳೆಯನ್ನು ಇಡೀ ಮುದ್ರಣಾಲಯ ಹಾಗೆ ಕರೆಯುತ್ತದೆ. ಹದಿನೆಂಟನೆಯ ವಯಸ್ಸಿಗೆ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವರು, ಮೊಳೆಗಳ ಕಾಲ ಮುಗಿದು ಕಂಪ್ಯೂಟರ್ ಬಂದ ಮೇಲೆ ಜೋಡಣೆ ಬಿಟ್ಟು ತಿದ್ದುವ ಮೇಜಿಗೆ ಬಂದವರು. ನಾನು ಕೆಲಸವನ್ನು ಅಲ್ಲಿಗೆ ಕೊಟ್ಟದ್ದು ಆ ಮೇಜನ್ನು ನೋಡಿ.

ಅವರು ಕೆಲಸ ಮಾಡುವ ರೀತಿಯನ್ನು ಬರೆಯಲೇಬೇಕು. ಮೊದಲ ಕರಡನ್ನು ಅವರು ಒಬ್ಬರೇ ಓದುವುದಿಲ್ಲ. ಡಿ.ಟಿ.ಪಿ. ಮಾಡುವ ಹುಡುಗಿ ನನ್ನ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಾಳೆ. ಅಲ್ಪವಿರಾಮ, ಪೂರ್ಣವಿರಾಮ, ಉದ್ಧರಣ ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳುತ್ತಾಳೆ. ಅಮ್ಮ ಕರಡಿನ ಮೇಲೆ ಸ್ಕೇಲು ಇಟ್ಟು ಸಾಲು ಸಾಲಾಗಿ ಇಳಿಸುತ್ತಾ ಕೆಂಪು ಪೆನ್ನಿನಲ್ಲಿ ಗುರುತು ಮಾಡುತ್ತಾರೆ. ಎರಡನೆಯ ಓದು ಅವರೊಬ್ಬರದೇ, ಮೂಲವನ್ನು ಮುಚ್ಚಿಟ್ಟು, ಅರ್ಥಕ್ಕಾಗಿ. ಮೂರನೆಯದು ಪುಟ ಕಟ್ಟಿದ ಮೇಲೆ, ತಲೆಬರಹ, ಪುಟಸಂಖ್ಯೆ, ಸಾಲಿನ ಕೊನೆಯಲ್ಲಿ ಒಡೆದ ಪದಗಳಿಗಾಗಿ. ತಪ್ಪು ಎಂದು ಖಚಿತವಿದ್ದರೆ ತಿದ್ದುತ್ತಾರೆ. ಅನುಮಾನವಿದ್ದರೆ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡುತ್ತಾರೆ, ಲೇಖಕನ ಮಾತನ್ನು ತಾವಾಗಿ ಬದಲಿಸುವುದಿಲ್ಲ. ಆ 64 ಪುಟಗಳಲ್ಲಿ ಇಂಥ 41 ಪ್ರಶ್ನೆಗಳಿದ್ದವು. ಅವಕ್ಕೆ ಉತ್ತರ ಕೊಡಲು ಮೂರು ಮಧ್ಯಾಹ್ನ ಅಲ್ಲಿ ಕುಳಿತಿದ್ದೆ.

ಮೊದಲ ತೊಂದರೆ ಬಂದದ್ದು ಅಕ್ಷರಗಳಿಂದಲೇ. ನಾನು ಮನೆಯಲ್ಲಿ ಯೂನಿಕೋಡಿನಲ್ಲಿ ಟೈಪು ಮಾಡಿಸಿದ್ದ ಎರಡು ಅಧ್ಯಾಯಗಳನ್ನು ಅವರು ಪುಟವಿನ್ಯಾಸಕ್ಕಾಗಿ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ (ಫಾಂಟಿಗೆ) ಪರಿವರ್ತಿಸಿದಾಗ ಅರ್ಕಾವತ್ತುಗಳು ಸ್ಥಾನ ತಪ್ಪಿ, ಕೆಲವು ಒತ್ತಕ್ಷರಗಳು ಒಡೆದು, ‘ಕರ್ಣ’ ಎಂಬ ಹೆಸರೇ ನಾಲ್ಕು ಕಡೆ ಓದಲಾರದಂತಾಗಿತ್ತು. ಪರಿವರ್ತಿಸಿದ ಕಡತವನ್ನು ತಿದ್ದುವುದಕ್ಕಿಂತ ಹೊಸದಾಗಿ ಜೋಡಿಸುವುದೇ ಲೇಸು ಎಂದು ಅಮ್ಮ ಹೇಳಿದರು. ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ಹಸ್ತಪ್ರತಿಯನ್ನು ಟೈಪು ಮಾಡಿಸಿ ಕೊಡುವವರು, ಯಾವ ಅಕ್ಷರದಲ್ಲಿ ಬೇಕು ಎಂದು ಮುದ್ರಣಾಲಯದವರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಎರಡನೆಯದು ಮಲಯಾಳದ ಹೆಸರುಗಳ ತೊಡಕು. ಮಾರಾರರ ಹುಟ್ಟೂರಿನ ಹೆಸರನ್ನು ಮಲಯಾಳದಲ್ಲಿ ಬರೆಯುವಾಗ ‘ಙ’ ಒತ್ತಾಗಿ ಬರುತ್ತದೆ. ನಮ್ಮಲ್ಲಿ ಮಕ್ಕಳು ಕಾಗುಣಿತದ ಪಟ್ಟಿಯಲ್ಲಿ ಕಂಡು ಆಮೇಲೆ ಎಲ್ಲಿಯೂ ಕಾಣದ ಆ ಅಕ್ಷರ ಅವರ ಭಾಷೆಯಲ್ಲಿ ಪ್ರತಿ ಸಾಲಿನಲ್ಲೂ ಸಿಗುತ್ತದೆ. ಹಾಗೆಯೇ ಹಳಗನ್ನಡದಲ್ಲಿ ಇದ್ದು ನಾವು ಕಳೆದುಕೊಂಡ ‘ೞ’ ಅಲ್ಲಿ ಇಂದಿಗೂ ಬಾಯಲ್ಲಿದೆ, ಬರಹದಲ್ಲಿದೆ. ಇಂಗ್ಲಿಷಿನಲ್ಲಿ ಅದನ್ನು ಎರಡು ಅಕ್ಷರ ಕೂಡಿಸಿ ತೋರಿಸುವ ರೂಢಿಯಿಂದಾಗಿ ಕನ್ನಡ ಪತ್ರಿಕೆಗಳಲ್ಲಿ ‘ಕೋಝಿಕೋಡ್’ ಎಂಬ, ಯಾವ ಮಲಯಾಳಿಯೂ ಉಚ್ಚರಿಸದ ರೂಪ ಬಂದು ಕೂತಿದೆ. ನಾನೂ ಹಾಗೆಯೇ ಬರೆದಿದ್ದೆ. ಅಂಚಿನಲ್ಲಿ ಪ್ರಶ್ನೆ ಹಾಕಿದ್ದ ಅಮ್ಮ, “ಕಲ್ಲಿಕೋಟೆ ಅಂತ ನಮ್ಮದೇ ಹೆಸರಿದೆಯಲ್ಲ ಸಾರ್, ಇದ್ಯಾಕೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಪುಸ್ತಕದುದ್ದಕ್ಕೂ ಕಲ್ಲಿಕೋಟೆ ಎಂದೇ ಮಾಡಿದೆವು. ಒಂದೇ ಒಂದು ಕಡೆ, ಎರಡು ಭಾಷೆಗಳ ನಂಟನ್ನು ವಿವರಿಸುವ ಪುಟದಲ್ಲಿ, ‘ೞ’ ಅಕ್ಷರವೇ ಬೇಕಾಗಿತ್ತು. ಅವರ ಬಳಿ ಇದ್ದ ಅಕ್ಷರಗಳಲ್ಲಿ ಅದು ಚೌಕದ ಗುರುತಾಗಿ ಬರುತ್ತಿತ್ತು. ಕೊನೆಗೆ ಯೂನಿಕೋಡಿನ ಬೇರೆ ಅಕ್ಷರದಿಂದ ಆ ಒಂದನ್ನು ತಂದು ಕೂರಿಸಿದರು. ಗಮನವಿಟ್ಟು ನೋಡಿದರೆ ಅದು ಉಳಿದ ಅಕ್ಷರಗಳಿಗಿಂತ ತುಸು ದಪ್ಪಗೆ ಕಾಣುತ್ತದೆ.

ಇನ್ನು ತಿದ್ದುಪಡಿಗಳ ಮಾತು. 9ನೆಯ ಪುಟದಲ್ಲಿ ಮಾರಾರರು ಪತ್ರಿಕೆಯಲ್ಲಿ 23 ವರ್ಷ ದುಡಿದರೆಂದೂ 52ನೆಯ ಪುಟದಲ್ಲಿ 32 ವರ್ಷವೆಂದೂ ಇತ್ತು. 1961ರಿಂದ 1938 ಕಳೆದು ನೋಡಿ 23ನ್ನು ಉಳಿಸಿಕೊಂಡವರು ಅಮ್ಮ. ನಾನು ಆರು ಬಾರಿ ಓದಿಯೂ ಅದನ್ನು ಕಂಡಿರಲಿಲ್ಲ. ‘ಅವರಿಂದ ಬರೆಯಲ್ಪಟ್ಟ ಗ್ರಂಥ’ ಎಂಬಲ್ಲಿ ‘ಅವರು ಬರೆದ ಗ್ರಂಥ’ ಎಂದು ಮಾಡಬಹುದೇ ಎಂದು ಕೇಳಿದರು. ‘ಒಬ್ಬ ಶ್ರೇಷ್ಠ ವಿಮರ್ಶಕರಾಗಿದ್ದರು’ ಎಂಬಲ್ಲಿ ‘ಒಬ್ಬ’ ಏಕೆ ಎಂದು ಕೇಳಿದರು. ಇವೆಲ್ಲ ವ್ಯಾಕರಣದ ತಪ್ಪುಗಳಲ್ಲ, ಆದರೆ ಬೇರೊಂದು ಭಾಷೆಯ ಜಾಡಿನಲ್ಲಿ ಕನ್ನಡವನ್ನು ನಡೆಸಿದ ಗುರುತುಗಳು. ‘ಮಲಯಾಳಶೈಲಿ’ಯಲ್ಲಿ ಮಾರಾರರು ತಮ್ಮ ಭಾಷೆಯ ಬರಹಗಾರರ ಮುಂದಿಟ್ಟ ಅಕ್ಕರೆಯ ತಗಾದೆಯೂ ಇದೇ ಜಾತಿಯದು. ಆ ಪುಸ್ತಕವನ್ನು ವಿವರಿಸುವ ಅಧ್ಯಾಯದಲ್ಲೇ ನನ್ನ ಕನ್ನಡ ಹೀಗೆ ತಪ್ಪು ಹೆಜ್ಜೆ ಇಟ್ಟಿತ್ತು. ಆ ಅಧ್ಯಾಯವನ್ನು ಮನೆಗೆ ತಂದು ಪೂರ್ತಿ ಹೊಸದಾಗಿ ಬರೆದೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಎದ್ದದ್ದು 27ನೆಯ ಪುಟದಲ್ಲಿ. ‘ವಿಮರ್ಶಕ ಪಕ್ಷಪಾತಿಯಾಗಿರಬೇಕು’ ಎಂಬ ಸಾಲಿನ ಕೆಳಗೆ ಅಮ್ಮ ಎರಡು ಗೆರೆ ಎಳೆದಿದ್ದರು. ‘ಬಾರದು’ ಎಂಬುದು ‘ಬೇಕು’ ಆಗಿದೆ ಎಂದೇ ಅವರ ಎಣಿಕೆ. ನಾನು ಅದು ಸರಿಯಾಗಿಯೇ ಇದೆ ಎಂದೆ. ಅವರು ಪೆನ್ನು ಕೆಳಗಿಟ್ಟು, “ಹಾಗಂದ್ರೆ ನ್ಯಾಯ ಹೇಳೋದು ಹೇಗೆ?” ಎಂದು ಕೇಳಿದರು. ಅಂದು ಅರ್ಧ ಗಂಟೆ ಕೆಲಸ ನಿಂತಿತು. ಯಾವುದರ ಕಡೆಗೂ ವಾಲದೆ ತಕ್ಕಡಿಯಂತೆ ನಿಂತುಕೊಳ್ಳುತ್ತೇನೆ ಎನ್ನುವ ವಿಮರ್ಶಕನನ್ನು ಮಾರಾರ್ ಒಪ್ಪುತ್ತಿರಲಿಲ್ಲ. ಕೃತಿಯನ್ನು ಓದಿದವನ ಮನಸ್ಸು ಒಂದು ಕಡೆಗೆ ಒಲಿದೇ ಒಲಿಯುತ್ತದೆ. ಆ ಒಲವನ್ನು ಬಚ್ಚಿಡದೆ, ಏಕೆ ಒಲಿದೆ ಎಂಬುದನ್ನು ಕೃತಿಯಿಂದಲೇ ತೋರಿಸುವುದು ವಿಮರ್ಶಕನ ಕೆಲಸ ಎಂಬುದು ಅವರ ನಿಲುವು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಹೀಗೆ ವಿವರಿಸಿದ ಮೇಲೆ ಅಮ್ಮ, ಈ ವಿವರಣೆಯೇ ಪುಸ್ತಕದಲ್ಲಿಲ್ಲ, ಆ ಒಂದು ಸಾಲನ್ನು ಮಾತ್ರ ಬಿಟ್ಟರೆ ಓದಿದವರು ಅಚ್ಚಿನ ತಪ್ಪೆಂದೇ ತಿಳಿಯುತ್ತಾರೆ ಎಂದರು. ನಿಜವಾಗಿತ್ತು. ಅರ್ಧ ಪುಟ ಸೇರಿಸಿದೆ. ಪುಸ್ತಕ ಓದಿದ ಗೆಳೆಯರಲ್ಲಿ ಹೆಚ್ಚಿನವರು ಮೆಚ್ಚಿ ಮಾತಾಡಿದ್ದು ಆ ಅರ್ಧ ಪುಟದ ಬಗ್ಗೆಯೇ.

ಆ ಪಕ್ಷಪಾತ ‘ಭಾರತಪರ್ಯಟನಂ’ನಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದು ನನ್ನ ಹೊತ್ತಗೆಯ ತಿರುಳು. 1950ರ ಈ ಕೃತಿಯಲ್ಲಿ ಮಾರಾರರು ವ್ಯಾಸಭಾರತದ ಒಂದೊಂದು ಸಂದರ್ಭದ ಮುಂದೆ ನಿಂತು, ಅಲ್ಲಿನ ವ್ಯಕ್ತಿಗಳನ್ನು ದೇವರು, ರಾಕ್ಷಸರೆಂದು ವಿಂಗಡಿಸದೆ, ಮನುಷ್ಯರಾಗಿ ವಿಚಾರಿಸುತ್ತಾರೆ. ಕೊಡುಂಗಲ್ಲೂರು ಕುಂಞಿಕ್ಕುಟ್ಟನ್ ತಂಬುರಾನ್ ಅವರು ಇಡೀ ಭಾರತವನ್ನು 874 ದಿನಗಳಲ್ಲಿ ಮಲಯಾಳ ಪದ್ಯಕ್ಕೆ ತಂದ ನಾಡಿನಲ್ಲಿ ಓದುಗರಿಗೆ ಕಥೆಯನ್ನು ಹೊಸದಾಗಿ ಹೇಳಬೇಕಾಗಿರಲಿಲ್ಲ; ಗೊತ್ತಿರುವ ಕಥೆಯಲ್ಲಿ ಕಾಣದೆ ಹೋದದ್ದನ್ನು ತೋರಿಸಬೇಕಾಗಿತ್ತು. ಕರ್ಣನ ರಂಗಪ್ರವೇಶದ ಭಾಗವನ್ನೇ ತೆಗೆದುಕೊಳ್ಳಿ. ಹಸ್ತಿನಾವತಿಯ ಅಸ್ತ್ರಪ್ರದರ್ಶನದಲ್ಲಿ ಕೃಪನು ಕುಲ ಕೇಳುತ್ತಾನೆ, ದುರ್ಯೋಧನನು ಅಲ್ಲಿಯೇ ಅಂಗರಾಜ್ಯದ ಪಟ್ಟ ಕಟ್ಟುತ್ತಾನೆ, ಅಷ್ಟರಲ್ಲಿ ಸೂತನಾದ ಅಧಿರಥ ಬೆವರುತ್ತಾ ನಡುಗುತ್ತಾ ಬರುತ್ತಾನೆ. ಕರ್ಣನು ಅಭಿಷೇಕದ ನೀರು ಆರದ ತಲೆಯನ್ನು ತುಂಬಿದ ಸಭೆಯಲ್ಲಿ ಆ ಸಾಕುತಂದೆಯ ಕಾಲಿಗೆ ಇಡುತ್ತಾನೆ. ಕರ್ಣನ ಕುಲವನ್ನು ಎತ್ತಿ ಆಡುವವರ ಬಾಯಿಗೆ ಇದಕ್ಕಿಂತ ದೊಡ್ಡ ಉತ್ತರ ಇಡೀ ಭಾರತದಲ್ಲಿಲ್ಲ ಎಂದು ನನಗೆ ಅನ್ನಿಸುತ್ತದೆ, ಮತ್ತು ಹಾಗೆ ಅನ್ನಿಸುವಂತೆ ಓದಲು ನನಗೆ ಕಲಿಸಿದವರು ಮಾರಾರ್. ಪಂಪನಿಂದ ಈಚೆಗೆ ಕರ್ಣನನ್ನು ಎದೆಗೆ ಹಚ್ಚಿಕೊಂಡೇ ಬಂದಿರುವ ಕನ್ನಡಿಗರಿಗೆ ಈ ಪುಸ್ತಕ ಹೊರಗಿನದು ಎನ್ನಿಸುವುದಿಲ್ಲ.

ಯುದ್ಧದ ಪರಿಣಾಮವನ್ನು ಕುರಿತ ಭಾಗವನ್ನು ಕೇರಳದ ಶಾಲೆಗಳಲ್ಲಿ ಪಾಠವಾಗಿ ಇಟ್ಟಿದ್ದರು. ದುರ್ಯೋಧನ ತೊಡೆ ಮುರಿದು ಬಿದ್ದ ರಾತ್ರಿಯಲ್ಲಿ ಅಶ್ವತ್ಥಾಮ ಪಾಂಡವರ ಪಾಳೆಯಕ್ಕೆ ನುಗ್ಗುತ್ತಾನೆ. ಬೆಳಗಾಗುವಷ್ಟರಲ್ಲಿ ಗೆದ್ದವರ ಮನೆಯಲ್ಲೂ ಮಕ್ಕಳಿಲ್ಲ. ಗೆಲುವು ಯಾವುದು, ಸೋಲು ಯಾವುದು ಎಂದು ಬೇರ್ಪಡಿಸಲಾಗದ ಆ ಬೆಳಗನ್ನು ಹದಿನೈದು ವರ್ಷದ ಮಕ್ಕಳ ಕೈಗೆ ಕೊಟ್ಟ ಪಠ್ಯಪುಸ್ತಕ ಸಮಿತಿಯನ್ನು ನಾನು ಮನಸಾರೆ ಅಭಿನಂದಿಸುತ್ತೇನೆ.

ಕಲೆ ಕಲೆಗಾಗಿಯೋ ಬದುಕಿಗಾಗಿಯೋ ಎಂಬ ಚರ್ಚೆ ಕೇರಳದಲ್ಲಿ ಕಾವೇರಿದಾಗ, ಅದೇ ಹೊತ್ತಿನಲ್ಲಿ ಅ.ನ.ಕೃ. ಅವರ ಮುಂದಾಳುತನದಲ್ಲಿ ನಮ್ಮ ಪ್ರಗತಿಶೀಲರೂ ಅದನ್ನೇ ಕೇಳುತ್ತಿದ್ದರು. ಮಾರಾರರ ಉತ್ತರ ಒಂದು ಪುಸ್ತಕದ ಹೆಸರಾಗಿ ಉಳಿದಿದೆ: ‘ಕಲ ಜೀವಿತಂತನ್ನೆ’, ಅಂದರೆ ಕಲೆಯೇ ಬದುಕು. ಅದಕ್ಕೆ 1966ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾಳಿದಾಸನ ಕೃತಿಗಳ ಗದ್ಯಾನುವಾದ, ಛಂದಸ್ಸಿನ ಮೇಲಿನ ‘ವೃತ್ತಶಿಲ್ಪಂ’, ಅಲಂಕಾರಶಾಸ್ತ್ರದ ‘ಸಾಹಿತ್ಯಭೂಷಣಂ’ ಇವುಗಳ ಬಗ್ಗೆ ನನ್ನ ಹೊತ್ತಗೆಯಲ್ಲಿ ತಲಾ ಒಂದೆರಡು ಪುಟ ಮಾತ್ರ ಇವೆ. ಕೊನೆಯ ಅಧ್ಯಾಯದಲ್ಲಿ ನಮ್ಮ ಜಿಲ್ಲೆಯ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರನ್ನು ಮಾರಾರರ ಪಕ್ಕದಲ್ಲಿಟ್ಟು ನೋಡಿದ್ದೇನೆ. ‘ಭಾರತೀಯ ಕಾವ್ಯಮೀಮಾಂಸೆ’ ಬಂದದ್ದು 1953ರಲ್ಲಿ, ‘ಭಾರತಪರ್ಯಟನಂ’ ಆದ ಮೂರು ವರ್ಷಕ್ಕೆ. ಇಬ್ಬರ ಬೇರೂ ಸಂಸ್ಕೃತದಲ್ಲಿದೆ. ಆದರೆ ತೀ.ನಂ.ಶ್ರೀ. ಶಾಸ್ತ್ರವನ್ನು ತಿಳಿಯಾಗಿ ಕಟ್ಟಿಕೊಡುತ್ತಾರೆ, ಮಾರಾರ್ ಅದನ್ನು ಕೈದೀಪದಂತೆ ಹಿಡಿದು ಕಾವ್ಯದೊಳಕ್ಕೆ ಇಳಿಯುತ್ತಾರೆ. ‘ಕೈವಿಳಕ್ಕ್’ ಎಂದೇ ಅವರ ಇನ್ನೊಂದು ಪುಸ್ತಕದ ಹೆಸರು.

ಮತ್ತೆ ಮುದ್ರಣಾಲಯಕ್ಕೆ ಬರುತ್ತೇನೆ. ಜೋಡಣೆ ಮತ್ತು ತಿದ್ದುಪಡಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ, ಕಟ್ಟುವ ಕೆಲಸಕ್ಕೆ ಕೊಡಲಾರೆ. 64 ಪುಟವೆಂದರೆ 32 ಹಾಳೆ. ಅದರ ಬೆನ್ನು ಮೂರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಇಷ್ಟು ತೆಳುವಾದ ಪುಸ್ತಕಕ್ಕೆ ಅಂಟಿನ ಬೈಂಡಿಂಗ್ ಹೊಂದುವುದಿಲ್ಲ, ನಡುವೆ ಮಡಿಸಿ ಸೆಂಟರ್ ಪಿನ್ ಹೊಡೆಯುವುದೇ ಗಟ್ಟಿ. ನೋಡಲು ಪುಸ್ತಕದಂತಿರಬೇಕು ಎಂದು ಮಾಲೀಕರು ಅಂಟಿನದನ್ನೇ ಸೂಚಿಸಿದರು, ನಾನೂ ಒಪ್ಪಿದೆ. ಮೊದಲ ಬಾರಿ ಅಗಲವಾಗಿ ತೆರೆದಾಗಲೇ 22 ಪ್ರತಿಗಳಲ್ಲಿ ಹಾಳೆ ಬಿಟ್ಟುಕೊಂಡಿತು. ಬೆನ್ನಿನ ಮೇಲಿನ ಹೆಸರು ಹಲವು ಪ್ರತಿಗಳಲ್ಲಿ ಮುಖಪುಟದ ಕಡೆಗೆ ಸರಿದಿದೆ. ಹಾಳೆ ಬಿಟ್ಟ ಪ್ರತಿಗಳನ್ನು ತಕರಾರಿಲ್ಲದೆ ವಾಪಸು ತೆಗೆದುಕೊಂಡು ವಾರದೊಳಗೆ ಹೊಸವನ್ನು ಕೊಟ್ಟರು, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ.

ಕಾಗದದ ವಿಷಯದಲ್ಲಿ ಎಚ್ಚರ ಬೇಕು. ಕೇಳದಿದ್ದರೆ ಅಚ್ಚ ಬಿಳಿಯ 70 ಜಿ.ಎಸ್.ಎಂ. (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಕಾಗದ ಹಾಕುತ್ತಾರೆ, ಹಿಂಬದಿಯ ಅಕ್ಷರ ಮುಂದಕ್ಕೆ ಇಣುಕುತ್ತದೆ. ಮಾದರಿ ಹಾಳೆ ನೋಡಿದ ಮೇಲೆ ನಾನು 80 ಜಿ.ಎಸ್.ಎಂ. ಮಾಸಲು ಬಣ್ಣದ ಕಾಗದ ಕೇಳಿ ಪಡೆದೆ. ಹಿರಿಯರ ಕಣ್ಣಿಗೆ ಅದು ಹಿತ. ಅಕ್ಷರದ ಗಾತ್ರ 13 ಪಾಯಿಂಟ್ ಇಟ್ಟದ್ದರಿಂದ ಕನ್ನಡಕ ಬದಲಿಸದೆ ಓದಬಹುದು. ಮುಖಪುಟಕ್ಕೆ ಮಾರಾರರ ಭಾವಚಿತ್ರ ಹಾಕಲಿಲ್ಲ, ಹಕ್ಕಿನ ವಿಷಯ ನನಗೆ ಸ್ಪಷ್ಟವಿರಲಿಲ್ಲ. ಅದರ ಬದಲು, ಅಮ್ಮ ತಿದ್ದಿದ ಕರಡಿನದೇ ಒಂದು ಪುಟವನ್ನು, ಕೆಂಪು ಗುರುತುಗಳ ಸಮೇತ, ಹಿನ್ನೆಲೆಯಾಗಿ ಬಳಸಿದೆವು. ಕರಡು ತಿದ್ದುತ್ತಲೇ ಬದುಕಿದ ವಿಮರ್ಶಕರ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಮುಖಪುಟ ನನಗೆ ಹೊಳೆಯಲಿಲ್ಲ. ಅಮ್ಮನವರ ಒಪ್ಪಿಗೆ ಪಡೆದೇ ಹಾಕಿದ್ದು. ಹೆಸರು ಬೇಡವೆಂದರು, ಹಾಕಲಿಲ್ಲ.

ತಡವಾದದ್ದು ನನ್ನ ಮುಖ್ಯ ದೂರು. ಮೂರು ವಾರ ಎಂದವರು ಐದು ವಾರ ತೆಗೆದುಕೊಂಡರು. ಮದುವೆಯ ದಿನಗಳು ಕೂಡಿಬಂದವು, ಲಗ್ನಪತ್ರಿಕೆಯವರು ಬಾಗಿಲಲ್ಲಿ ನಿಂತಿರುವಾಗ ಪುಸ್ತಕ ಹಿಂದೆ ಸರಿಯಿತು. ಮುಹೂರ್ತ ಕಾಯುವುದಿಲ್ಲ, ನಿಜ. ಆದರೆ ಗಮಕದ ಕೂಟದಲ್ಲಿ ಬಿಡುಗಡೆಯ ದಿನ ಗೊತ್ತು ಮಾಡಿಕೊಂಡಿದ್ದ ನಾವು ಅದನ್ನು ಮುಂದಕ್ಕೆ ಹಾಕಬೇಕಾಯಿತು. ಮೊದಲೇ ಹೇಳಿದ್ದರೆ ಬೇಸರವಾಗುತ್ತಿರಲಿಲ್ಲ. ಫೋನು ಮಾಡಿದಾಗಲೆಲ್ಲ ನಾಳೆ ಎಂಬ ಉತ್ತರ ಬರುತ್ತಿತ್ತು. ಪುಸ್ತಕ ಹಾಕಿಸುವವರು ಮದುವೆಯ ತಿಂಗಳುಗಳನ್ನು ಬಿಟ್ಟು ಆಷಾಢದಲ್ಲಿ ಕೊಟ್ಟರೆ ಕೆಲಸ ಬೇಗ ಆಗುತ್ತದೆ ಎಂದು ಮಾಲೀಕರೇ ಆಮೇಲೆ ಹೇಳಿದರು.

ಖರ್ಚಿನ ಲೆಕ್ಕ ಹೀಗಿದೆ. ಜೋಡಣೆಗೆ ಪುಟಕ್ಕೆ 40 ರೂಪಾಯಿಯಂತೆ 2,560, ಕರಡು ತಿದ್ದಲು ಪುಟಕ್ಕೆ ಒಂದು ಓದಿಗೆ 12ರಂತೆ ಮೂರು ಓದಿಗೆ 2,304, ಮುಖಪುಟಕ್ಕೆ 1,500, ಅಚ್ಚು ಮತ್ತು ಬೈಂಡಿಂಗಿಗೆ ಪ್ರತಿಗೆ 44ರಂತೆ 13,200. ಒಟ್ಟು 19,564 ರೂಪಾಯಿ, ಪ್ರತಿಗೆ 65ಕ್ಕಿಂತ ಸ್ವಲ್ಪ ಹೆಚ್ಚು. ಬೆಂಗಳೂರಿನಲ್ಲಿ ಕೇಳಿದಾಗ ಅಚ್ಚಿನ ದರ ಇದಕ್ಕಿಂತ ಒಂದೆರಡು ರೂಪಾಯಿ ಕಡಿಮೆಯೇ ಇತ್ತು, ಆದರೆ ತಿದ್ದುವವರು ಇರಲಿಲ್ಲ. ಈ ಪಟ್ಟಿಯಲ್ಲಿ ನನಗೆ ಒಪ್ಪಿಗೆಯಾಗದ ಅಂಕಿ ಒಂದೇ, ಆ 12 ರೂಪಾಯಿ. ಒಂದು ಪುಟವನ್ನು ಅಷ್ಟು ಎಚ್ಚರದಿಂದ ಓದುವವರಿಗೆ ಅದು ಬಹಳ ಕಡಿಮೆ. ಹೆಚ್ಚು ಕೊಡುತ್ತೇನೆಂದರೆ ಮಾಲೀಕರು, ಹಾಗೆ ಮಾಡಿದರೆ ಎಲ್ಲರಿಗೂ ಹೆಚ್ಚಿಸಬೇಕಾಗುತ್ತದೆ, ಜನ ತಿದ್ದುವುದೇ ಬೇಡ ಎನ್ನುತ್ತಾರೆ ಎಂದರು. ಈಗಲೂ ಮುಕ್ಕಾಲು ಪಾಲು ಲೇಖಕರು ಒಂದೇ ಓದು ಸಾಕೆನ್ನುತ್ತಾರಂತೆ. ಪುಸ್ತಕ ಹಾಕಿಸುವ ಗೆಳೆಯರು ದಯವಿಟ್ಟು ಮೂರೂ ಓದುಗಳಿಗೆ ದುಡ್ಡು ಕೊಡಿ. ಕಾಗದದಲ್ಲಿ ಉಳಿಸಬಹುದು, ಮುಖಪುಟದ ಲ್ಯಾಮಿನೇಷನ್ ಬಿಡಬಹುದು, ಇದನ್ನು ಬಿಡಬೇಡಿ.

ಎರಡನೆಯ ಮುದ್ರಣವೇನಾದರೂ ಆದರೆ ಅಲ್ಲಿಗೇ ಕೊಡುತ್ತೇನೆ, ಸೆಂಟರ್ ಪಿನ್ ಹೊಡೆಸುತ್ತೇನೆ. ಇಷ್ಟೆಲ್ಲ ಆದರೂ ಒಂದು ತಪ್ಪು ಉಳಿದಿದೆ: 48ನೆಯ ಪುಟದ ಕೆಳಗಿನಿಂದ ಮೂರನೆಯ ಸಾಲಿನಲ್ಲಿ ‘ಗಾಂಧಾರಿ’ಯ ಮಹಾಪ್ರಾಣ ಬಿಟ್ಟುಹೋಗಿದೆ. ಪುಸ್ತಕ ಕೈಗೆ ಬಂದ ದಿನವೇ ಅದನ್ನು ಕಂಡವರು ಅಮ್ಮ. ನನಗೆ ಫೋನು ಮಾಡಿ ಹೇಳಿದರು, ಮಾರನೆಯ ದಿನ ಹೋದಾಗ ಮೇಜಿನ ಖಾನೆಯಲ್ಲಿದ್ದ ತಮ್ಮ ಪ್ರತಿಯನ್ನು ತೆಗೆದು ತೋರಿಸಿದರು. ಕೆಂಪು ಪೆನ್ನಿನಲ್ಲಿ ತಿದ್ದಿ, ಪಕ್ಕದಲ್ಲಿ ತಾರೀಖು ಹಾಕಿಟ್ಟಿದ್ದರು.